ಹದಿನೇಳನೇ ತಿರುವು

"ದೊಡ್ಡದ್ನೇ ಹಾಕ್ಬುಡಣ್ಣ" ಅಂದ ರೇಚ,
ಕೊಯಮತ್ತೂರಿನ ಗುಜರಿ ಟರ್ಬೊ
ಪಂದ್ಯದ ಹುಂಜದಂತೆ ಕಂಕುಳಲ್ಲಿ.

ಹಾಕಬಹುದು. ಬಣ್ಣಾರಿಯ ನೆಟ್ಟನೆ ರಸ್ತೆಗೆ ಲಾಯಕ್ಕು.
ದಿಂಬಂ ಘಾಟಿಯ ಹದಿನೇಳನೇ ತಿರುವಲ್ಲಿ
ಎರಡನೇ ಗೇರು, ಮುಂದೆ ಕಬ್ಬಿನ ಲಾರಿ,
ಹಿಂದಿನ ಸೀಟಲ್ಲಿ ನಿಮ್ಮವ್ವ, ಮಡಿಲಲ್ಲಿ ಎಣ್ಣೆ ಕ್ಯಾನು —
ಇದು ಎದ್ದು ಮುಖ ತೊಳೆಯೋ ಹೊತ್ತಿಗೆ
ಗಾಡಿ ಹಿಂದಕ್ಕೆ ಜಾರಿರುತ್ತೆ.

ಚಿಕ್ಕದು ಹಾಕಿದೆ.
ಅಂಗೈಯಲ್ಲಿ ಕೂರುವ ಚಕ್ರ, ಉಫ್ ಎಂದರೆ ತಿರುಗುತ್ತೆ.
ಪಂಪಿನ ಸ್ಕ್ರೂ ಅರ್ಧ ಸುತ್ತು ಬಿಗಿದೆ: ಹೊಗೆ,
ಎಮ್ಮೆ ಬಣ್ಣದ್ದು. ಕಾಲು ಸುತ್ತು ಸಡಿಲಿಸಿದೆ.
ಮತ್ತೆ ಒಂದು ಕೂದಲೆಳೆ.

ಘಾಟಿ ಹತ್ತಿ ಬಂದವನ ಮುಖ ಸಪ್ಪಗಿತ್ತು:
"ಸಿಳ್ಳೇನೇ ಕೇಳ್ಸದಿಲ್ವಲ್ಲಣ್ಣ?"
ಬಿಲ್ಲು ಬರೆದೆ.
ಅವನ ದೊಡ್ಡ ಟರ್ಬೊ ತಾಳವಾಡಿಯ ಈ ಶೆಡ್ಡಿನಲ್ಲಿ
ರಶೀದಿ ಪುಸ್ತಕದ ಮೇಲೆ ಕೂತಿದೆ,
ಗಾಳಿಗೆ ಹಾಳೆ ಹಾರದ ಹಾಗೆ.