ಯಾರ ಹಿಡಿ

ಅಂತಿಯೂರಿನ ಬಸ್ಸು ಬೆಟ್ಟ ಹತ್ತಿ
ಬರಗೂರು ದಾಟಿ, ಕಲ್ದೊಡ್ಡಿಯಲ್ಲಿ ನನ್ನ ಕೆಡವಿ
ಉಸ್ಸೆಂದು ತಿರುಗಿಕೊಂಡಿತು.
ಬೋರ್ಡೆಲ್ಲ ತಮಿಳು, ಬೈಗುಳವೆಲ್ಲ ಕನ್ನಡ.
ಕೆಂಪು ಹಸುವೊಂದು ದಾರಿ ಬಿಡಲಿಲ್ಲ;
ಅದಕ್ಕೆ ಎರಡೂ ಬರುತ್ತಿತ್ತು,
ಕೇಳುವ ಮನಸ್ಸಿರಲಿಲ್ಲ.

ಜಗಲಿಯಲ್ಲಿ ದುಂಡಮ್ಮ ಅವರೆ ಹಿದುಕುತ್ತಿದ್ದಳು.
ಹೋಟೆಲು ಎಲ್ಲಿ ಎಂದೆ.
"ಕೆಳಗದ ಕನಿ, ಅಂತಿಯೂರ್ಲಿ.
ಕೈ ತೊಳ್ಕಂಡು ಕೂತ್ಕಳಿ, ಇದುಕಿ."
ನೆನೆದ ಕಾಳು ಹೆಬ್ಬೆರಳ ಒತ್ತಿಗೆ
ಅಂಗಿ ಬಿಚ್ಚಿ ಬಾವಿಗೆ ಹಾರುವ ಹುಡುಗರು.
ನನ್ನದೊಂದು ಬೆಕ್ಕಿನ ಮೂಗಿಗೆ ಹಾರಿತು.
ಅವಳ ಮೊರ ತುಂಬುವಷ್ಟರಲ್ಲಿ ನನ್ನವು ಹನ್ನೊಂದು.
ಎಣಿಸಿ ನೋಡಿ
"ಸಾಕು, ಊಟ ದುಡಿದ್ರಿ" ಎಂದಳು.

ತಣಿಗೆಯ ನಡುವೆ ರಾಗಿ ಹಿಟ್ಟು,
ಅದರ ಮೇಲೆ ಇನ್ನೂ ಅವಳ ಅಂಗೈಯ ಗೆರೆ.
ಸುತ್ತ ಹಿದುಕಿದ ಬೇಳೆಯ ಸಾರು, ಜಾರುವ ಬೆಣ್ಣೆ.
ಮುರಿದೆ, ಹೊರಳಿಸಿದೆ, ಅಗಿದೆ.
"ಅಗೀಬಾರ್ದು!" ಮೊಮ್ಮಗಳು ನೀಲವೇಣಿ ಗದರಿದಳು.
ನುಂಗಿದೆ.
ಬೇಳೆ ಮಾತ್ರ ನಾಲಿಗೆಯ ಮೇಲೆ ನಿಂತು
ತಾನಾಗಿ ಒಡೆಯಿತು. ಮೆಣಸು
ತಡವಾಗಿ ಬಂದ ನೆಂಟ, ಗಂಟಲಲ್ಲಿ ಚಿಲಕ ಬಡಿಯಿತು.
ಮೂರನೆಯ ಸೌಟಿಗೆ ನಾನು ಬೇಡ ಅನ್ನಲಿಲ್ಲ.
ನಾಲ್ಕನೆಯದಕ್ಕೆ ಅವಳು ಕೇಳಲಿಲ್ಲ.

ಹೇಗೆ ಮಾಡಿದಿರಿ ಎಂದೆ.
ದುಂಡಮ್ಮ ಹೇಳುತ್ತ ಹೋದಳು,
ಏಳನೇ ಕ್ಲಾಸಿನ ನೀಲವೇಣಿ ಬರೆಯುತ್ತ ಹೋದಳು.
ಹುಡುಗಿ ಕಲಿತ ಅಕ್ಷರ ತಮಿಳು, ಅಜ್ಜಿಯ ಮಾತು ಕನ್ನಡ.
ಕೆಳಗೆ ಬೆಣ್ಣೆಯ ಹೆಬ್ಬೆಟ್ಟು.
ನನ್ನದೇ ಭಾಷೆ ನನ್ನ ಜೇಬಿನಲ್ಲಿ,
ನನಗೇ ಓದಲು ಬಾರದು.

ಸಂಜೆಯ ಬಸ್ಸಿನಲ್ಲಿ ಕಂಡಕ್ಟರ್ ವೈಯಾಪುರಿಯ ಕೈಗಿತ್ತೆ.
ಕನ್ನಡ ಬಾರದವನು, ಟಿಕೆಟ್ ಕಟ್ಟು ಕಂಕುಳಿಗೆ ಸಿಕ್ಕಿಸಿ
ತೀರ್ಪು ಓದುವ ದನಿಯಲ್ಲಿ ಶುರುಮಾಡಿದ:
"ಇದುಗಿದ ಪೇಳೆ."
ಅವರ ಲಿಪಿಯಲ್ಲಿ ಪ-ಬ ಒಂದೇ ಒಲೆಯವು.
ಪೇಳೆ! ಬೇಳೆ ಒಂದು ಗಳಿಗೆ ಹಳಗನ್ನಡವಾಗಿ
ಏನೋ ಹೇಳಲು ಬಾಯಿ ತೆರೆಯಿತು.
ಹುಣಸೆ 'ಉಣಸೆ' ಆಗಿತ್ತು,
ಉಣಿಸೇ ಎಂದಂತೆ ಕೇಳಿಸಿತು.
ಹಿಟ್ಟು 'ಇಟ್ಟು' ಆಗಿತ್ತು, ಅದು ತಪ್ಪಲ್ಲ,
ಅಜ್ಜಿ ಅಂದದ್ದೇ ಹಾಗೆ.
ಮೂರನೇ ಸಾಲಿಗೆ ಅವನ ಬಾಯಿಂದ ಸೀಟಿ ಬಿತ್ತು.
"ಅಯ್ಯೋ, ಪಿದುಕ್ಕು ಪರುಪ್ಪು!" ಎಂದ.
ಆಮೇಲೆ ಅವನು ತನ್ನ ಅಮ್ಮನ ಬಗ್ಗೆ ಹೇಳಿದ್ದು
ಪೂರ್ತಿ ತಮಿಳಿನಲ್ಲಿ. ಯಾರೂ ಅರ್ಥ ಕೇಳಲಿಲ್ಲ.

ಅಲ್ಲಿಗೆ ಬಸ್ಸಿನ ಶಾಂತಿ ಕೆಟ್ಟಿತು.
ಇದಕ್ಕೆ ಹುಣಸೆ ಹಾಕೋರು ಯಾರು ಎಂದಳು ಬರಗೂರಲ್ಲಿ ಹತ್ತಿದವಳು.
ಗಸಗಸೆ ಇಲ್ಲದ್ದು ಸಾರೇ ಅಲ್ಲ ಎಂದ ಕೋಳಿ ಹಿಡಿದವನು.
ಕೋಳಿ ಏನೂ ಅನ್ನಲಿಲ್ಲ.
ಡ್ರೈವರ್ ತಿರುವಿನ ನಡುವೆ ಹಾರನ್ ಒತ್ತಿ
ಬೆಳ್ಳುಳ್ಳಿಯ ಪರ ನಿಂತ.

ಕೊನೆಯ ಸಾಲು: "ಕಾಯಿತುರಿ ಒಂದು ಇಡಿ."
ವೈಯಾಪುರಿಗೆ ಗಾಬರಿ. ತಮಿಳಿನಲ್ಲಿ ಇಡಿ ಎಂದರೆ ಸಿಡಿಲು.
ನಾನು ಕೇಳಿದೆ: ಇಡೀ ಕಾಯಿಯೋ?
ಹಿಡಿ, ಹಿಡಿ ಎಂದು ಕೂಗಿತು ಬಸ್ಸು.
ಯಾರ ಹಿಡಿ?

ಆಗ, ಆ ಇಳಿಜಾರಿನಲ್ಲಿ, ಕಂಬಿ ಬಿಟ್ಟು
ಒಬ್ಬರ ಮೇಲೊಬ್ಬರು ವಾಲುತ್ತಲೇ
ಎಲ್ಲರೂ ಮುಷ್ಟಿ ಎತ್ತಿ ತೋರಿಸಿದರು:
ಸೌದೆ ಸೀಳಿದ್ದು, ಗೋರಂಟಿ ಮಾಸಿದ್ದು,
ಎರಡು ಬೆರಳಿಲ್ಲದ್ದು,
ಟಿಕೆಟ್ಟಿನ ಚಿಲ್ಲರೆ ಬಿಗಿಹಿಡಿದು
ಬೆವೆತ, ಒಂದು ಕೂಸಿನದು.