ನಲವತ್ತೊಂದನೇ ಕಂಬ

ಬೀದರ, ಚೌಬಾರಾದಿಂದ ಒಳಗ ಮೂರನೇ ಗಲ್ಲಿ.
ಹನ್ನೊಂದು ವರ್ಷ ಅಲ್ಲಿ
ಒಂದು ಹಳದಿ ದೀಪ ಉರೀತಿತ್ತು,
ಎರಡುನೂರೈವತ್ತು ವ್ಯಾಟಿನ ಸೋಡಿಯಂ.
ರಸ್ತೆಗಿ ಬೀಳೋದು ಅರ್ಧ;
ಉಳಿದರ್ಧ ಬೇವಿನ ಮರಕ್ಕ, ಹಳೇ ಗ್ವಾಡಿಗಿ,
ಗೂಬಿ ಕಣ್ಣಿಗಿ,
ಮ್ಯಾಲೆ, ಬೇಡದೇ ಇದ್ದ ಆಕಾಶಕ್ಕ.
ಸಂಜಿ ಆರಕ್ಕ ಹಚ್ಚಿದ್ರ
ಮುಂಜಾನಿ ಹಾಲಿನ ಗಾಡಿ ಬಂದ್ರೂ ಆರಿಸೋರಿಲ್ಲ.
ಒಮ್ಮೊಮ್ಮೆ ಹಗಲೆಲ್ಲ
ಸೂರ್ಯಗ ದಾರಿ ತೋರಸ್ಕೋತ ನಿಂತಿರ್ತಿತ್ತು.

ಎಡಕ್ಕ ಮಾಣಿಕಪ್ಪನ ಮನಿ.
ಬೆಳಕು ಸೀದಾ ಅವನ ದಿಂಬಿಗೇ.
ಕಿಟಕಿಗಿ ತೊಗರಿ ಚೀಲ ಹೊಲಿದು ಹಾಕಿದ್ದ;
ಚೀಲದ ಸಂದಿಯಿಂದ ಹಳದಿ, ದಾರ ದಾರ ಇಳಿದು
ಮೂಗಿನ ಮ್ಯಾಲೆ ಕೂಡ್ತಿತ್ತಂತ.
ಅರ್ಜಿ ಕೊಟ್ಟ, ಏಳು ಸಲ.
ಏಳನೇದರೊಳಗ ಒಂದೇ ಸಾಲು:
'ಸಾಹೇಬ್ರ, ನನ್ನ ರಾತ್ರಿ ನನಗ ವಾಪಸ್ ಕೊಡ್ರಿ.'

ಆಮ್ಯಾಲ ಬಂತು ಎಲ್‌ಇಡಿ.
ಎಪ್ಪತ್ತೇ ವ್ಯಾಟ್. ತಲಿ ಮ್ಯಾಲೆ ಟೊಪಗಿ,
ಕಣ್ಣು ನೆಲಕ್ಕ.
ರಾತ್ರಿ ಹನ್ನೊಂದಾದ್ರ ತಾನೇ ಅರ್ಧಕ್ಕ ಇಳೀತದ,
ಕೆಳಗ ಯಾರರ ಬಂದ್ರ ಮತ್ತ ಪೂರ್ತಿ ಏಳ್ತದ.
ನಾಯಿ ಬಂದ್ರೂ ಏಳ್ತದ.
ಆ ಕುಂಟ ನಾಯಿಗಿ ಈ ಊರಾಗ
ಇಷ್ಟು ಮರ್ಯಾದಿ ಕೊಟ್ಟೋರು ಮತ್ತ ಯಾರೂ ಇಲ್ಲ.
ಮೊದಲ ದಿನ ಮೂರು ಸಲ ಹೋಗಿ ಬಂದು
ಖಾತ್ರಿ ಮಾಡ್ಕೊಂತು.

ನಾನೇ ಏಣಿ ಹತ್ತಿ ಕೂಡಿಸ್ದೆ,
ಕೋನ ಅಳದೆ, ನಟ್ಟು ಬಿಗದೆ.
ಫಾರಂನೊಳಗ ಒಂದು ಕಾಲಂ ಇತ್ತು: ಪೋಲಾದ ಬೆಳಕು.
ಸೊನ್ನಿ ಬರದು ಸಹಿ ಹಾಕ್ದೆ.
ಮಾಣಿಕಪ್ಪ ಚೀಲ ಬಿಚ್ಚಿ ಝಾಡಿಸಿ
ನನಗ ಚಾ ಕುಡಿಸ್ದ.
'ಚುಕ್ಕಿ ಬಂದಾವ ನೋಡೋ' ಅಂದ,
ಅವು ಎಲ್ಲಿಗೋ ಹೋಗಿದ್ದವು ಅನ್ನೋ ಹಂಗ.
ಮೂಲೀ ಅಂಗಡಿ ಬಿದರಿ ಕೆಲಸದ ಗಫೂರಸಾಬ ನಕ್ಕ:
'ಕಪ್ಪು ಹತ್ತದ ಹೊರತು ಬೆಳ್ಳಿ ಏಳಂಗಿಲ್ಲ.
ನಮಗ ಕೇಳಿದ್ರ ಮೊದಲೇ ಹೇಳ್ತಿದ್ದಿವಿ.'

ಬಲಕ್ಕ ಇನ್ನೊಂದು ಕಿಟಕಿ ಇತ್ತು.
ಅದನ್ನ ನಾ ನೋಡಿರಲಿಲ್ಲ.

ಜುಲೇಖಾಬಿ ಅಲ್ಲಿ ಕೂತು ಕೌದಿ ಹೊಲೀತಿದ್ದಳಂತ,
ಮನಿ ದೀಪ ಆರಿಸಿ, ಬಿಲ್ ಉಳಿಸಿ,
ಬೀದಿ ಹಳದಿಯೊಳಗ ಸೂಜಿಗಿ ದಾರ ಪೋಣಿಸಿ.
ಹನ್ನೊಂದು ವರ್ಷದಾಗ ಎಷ್ಟು ಕೌದಿ!
ಯಾರ್ಯಾರ ಕೂಸು ಆ ಪೋಲಾದ ಬೆಳಕು ಹೊದ್ದು
ಮಲಗ್ಯಾವೋ.

ಅಕಿ ಅರ್ಜಿ ಕೊಡಲಿಲ್ಲ.
ಏನಂತ ಬರೀಬೇಕು?
ನೀವು ಚೆಲ್ಲಿದ್ದು ನನಗ ಬೇಕಿತ್ತು ಅಂತೇನು?
ದಾರಿಯೊಳಗ ನಿಲ್ಲಿಸಿ ಕೇಳಿದಳು, ಅಷ್ಟೇ:
'ಬೇಟಾ, ಹಳೇ ದೀಪ ಸತ್ತು ಹೋಯ್ತೇನು?'

ಮರುದಿನ ಧೂಳು ಒರೆಸೋ ನೆವ ಮಾಡಿ ಹತ್ತಿದೆ.
ಟೊಪಗಿಯ ಬಲಗಡಿ ಅಂಚು
ಪಕ್ಕಡದಿಂದ ಒಂದು ಬೆರಳು ಮಡಚಿದೆ.
ಯೂನಿಟ್ ಅಷ್ಟೇ ಸುಡ್ತದ, ಮೀಟರಿಗಿ ಸುದ್ದಿ ಇಲ್ಲ.
ಫಾರಂನೊಳಗ ಸೊನ್ನಿ ಹಂಗೇ ಅದ.
ಒಂದು ತುಣುಕು ಮಾತ್ರ, ಕರ್ಚೀಫಿನಷ್ಟು,
ಅಕಿ ಕಿಟಕಿ ಕಟ್ಟಿ ಮ್ಯಾಲೆ ಬೀಳ್ತದ.

ಹನ್ನೊಂದರ ಮ್ಯಾಲೆ ಅದೂ ಮಬ್ಬು.
ಆಗ ಅಕಿ ಸೂಜಿ ಒಂದು ಕೈಯಾಗ,
ದಾರ ಒಂದು ಕೈಯಾಗ ಹಿಡದು ಕಾಯ್ತಾಳ
ಕುಂಟ ನಾಯಿ ಬರೋ ತನಕ.

ಈಗೀಗ ಕಂಬದ ಬುಡಕ್ಕ
ರೊಟ್ಟಿ ತುಣುಕು ಇಡ್ತಾಳಂತ.