ಮೆಸ್ಸಿನ ಪುಸ್ತಕ

ಇದೇ ಮೇಡಂ, ನೀವು ತರಹೇಳಿದ ಪುಸ್ತಕ.
ರಟ್ಟಿನ ಮೇಲಿನ ಕಲೆ ಟೊಮೆಟೊದ್ದು, ಗಾಬರಿ ಬೇಡ.
ಡುಲೂತ್ ಪಟ್ಟಣದ ಬಂದರು ಬದಿಯ ಅಗ್ನಿಶಾಮಕ ಠಾಣೆ,
ಸಾವಿರದ ಒಂಬೈನೂರ ಎಪ್ಪತ್ತೇಳನೇ ಇಸವಿ.
ಲೆಕ್ಕ ಬರೆದವನು ನಾನೇ, ಐನೊ ಹಾಪಲಾ.
ಅಕ್ಷರ ಸೊಟ್ಟಗಿದ್ದ ಕಡೆ
ಬರೆಯುತ್ತಿದ್ದಾಗ ಗಂಟೆ ಹೊಡೆಯಿತೆಂದು ತಿಳಿಯಿರಿ.

ಪಾಳಿಗೆ ತಲಾ ಎರಡೂಕಾಲು ಡಾಲರು,
ಕಾಫಿಪುಡಿಯ ಹಳೇ ಡಬ್ಬಿಗೆ.
ತಿಂದರೂ ಹಾಕಬೇಕು, ತಿನ್ನದಿದ್ದರೂ ಹಾಕಬೇಕು.
ಆರ್ವಿಡ್ ಸ್ಕೌಗ್‌ಗೆ ಹೊಟ್ಟೆಹುಣ್ಣು,
ಮನೆಯಿಂದಲೇ ಓಟ್ಸ್ ಗಂಜಿ ತರುತ್ತಿದ್ದ.
ಅವನೂ ಹಾಕಿದ. ಡಬ್ಬಿಯ ಏಳು ತಲೆಮಾರನ್ನು ಬೈಯುತ್ತ ಹಾಕಿದ.
ಕ್ಯಾಪ್ಟನ್ನಿನ ಆಜ್ಞೆ ಅಡುಗೆಮನೆ ಗೋಡೆಯ ಮೇಲಿದೆ,
ನಕಲು ತಂದಿದ್ದೇನೆ.

ನೀವು ಕೇಳಿದಿರಿ:
ಉಣ್ಣದವರು ಯಾರಿದ್ದಾರೆ?
ನಾನೂ ಇದೇ ಮೇಜಿನ ಮೇಲೆ ಬ್ರೆಡ್ಡು ತಿನ್ನುತ್ತೇನೆ,
ಅದಕ್ಕೆ ಯಾರು ತೆರಿಗೆ ಬಿಟ್ಟಾರು?
ನಿಜ. ತಳ್ಳಿಹಾಕುವ ಮಾತಲ್ಲ ಅದು.
ಹಸಿವು ಸ್ವಂತದ್ದು ಅನ್ನುತ್ತದೆ ಕಾನೂನು,
ಹಲ್ಲು ಸ್ವಂತದ್ದು, ನಾಲಗೆ ಸ್ವಂತದ್ದು,
ಹೊಟ್ಟೆ ನಿನ್ನದು, ಪಾಡು ಮಾತ್ರ ನಗರಸಭೆಯದು.
ಹೊಟ್ಟೆಪಾಡನ್ನು ಹೀಗೆ ನಡುವೆ ಸೀಳಿ
ಎರಡು ಖಾನೆಗೆ ಬರೆಯುವ ಪೆನ್ನು
ನನ್ನಲ್ಲಿಲ್ಲ. ನಿಮ್ಮಲ್ಲಿ ಇದ್ದೀತು.

ಮಾರ್ಚ್ ಒಂಬತ್ತು ತೆಗೆಯಿರಿ.
ಹಂದಿಮಾಂಸ, ಎಲೆಕೋಸು, ಆಲೂಗಡ್ಡೆ ಹತ್ತು ಪೌಂಡು.
ಒಂಬತ್ತು ತಟ್ಟೆಗೆ ಬಡಿಸಿ ಆಗಿತ್ತು.
ಗಂಟೆ.
ಧಕ್ಕೆಯ ಪಕ್ಕದ ಗೋಧಿ ಗೋದಾಮು.
ನಾವೇ ಹಾರಿಸಿದ ನೀರು
ನಮ್ಮ ಕೋಟಿನ ಮೇಲೆ ಬಿದ್ದು ಗಾಜಾಗುವ ಚಳಿ.
ಸುಟ್ಟ ಗೋಧಿಯ ವಾಸನೆ ಎಂಥದು ಗೊತ್ತೆ,
ಯಾರೋ ರೊಟ್ಟಿ ಬೇಯಿಸಿದ ಹಾಗೆ. ನಾಚಿಕೆ ಬಿಟ್ಟು ಹೇಳುತ್ತೇನೆ,
ಆ ಹೊಗೆಯಲ್ಲಿ ಬಾಯಲ್ಲಿ ನೀರೂರಿತು.

ಮರಳಿದಾಗ ಬೆಳಗಿನ ಆರು.
ತಟ್ಟೆಗಳು ಇಟ್ಟಲ್ಲೇ ಇದ್ದವು, ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿ.
ಕೋಟಿನ ಕೊಂಡಿಗಳು ಮಂಜಿಗೆ ಅಂಟಿ ಬಿಚ್ಚಲಾಗದೆ
ನಿಂತೇ ತಿಂದೆವು, ತಣ್ಣಗಿದ್ದದ್ದನ್ನೇ.
ಎಂಟು ಜನ.
ಒಂಬತ್ತನೇ ತಟ್ಟೆಯಲ್ಲಿ ಫೋರ್ಕು ಮಾಂಸಕ್ಕೆ ನೆಟ್ಟ ಹಾಗೇ ಇತ್ತು.
ಆ ಊಟ ಯಾವ ತಾರೀಖಿಗೆ?
ಬಡಿಸಿದ ದಿನಕ್ಕೋ, ಉಂಡ ದಿನಕ್ಕೋ?
ಎರಡರ ನಡುವಿನ ಗೆರೆಯ ಮೇಲೆ ಬರೆದಿದ್ದೇನೆ,
ಅದಕ್ಕೇ ಓದಲು ಕಷ್ಟ.

ಈಗ ನೀವು ಕೆಂಪು ಸುತ್ತಿದ ಸಾಲು.
ಡೆಲ್ಬರ್ಟ್ ಕುಕ್ಕೊನೆನ್.
ಮಾರ್ಚ್ ಹತ್ತರಿಂದ ಒಂದು ಪಾಳಿಯೂ ಇಲ್ಲ, ದುಡ್ಡು ಮಾತ್ರ ಜಮೆ.
ಹೌದು. ಅವನು ಆಸ್ಪತ್ರೆಯಲ್ಲಿದ್ದ,
ಮೂಗಿನ ನಳಿಗೆಯಲ್ಲಿ ಹಾಲು ಕುಡಿಯುತ್ತಿದ್ದ.
ಎರಡೂಕಾಲನ್ನು ಎಂಟಕ್ಕೆ ಹಂಚಿದರೆ
ಇಪ್ಪತ್ತೆಂಟು ಸೆಂಟು, ಕೊನೆಗೆ ಒಂದು ಸೆಂಟು ಸಾಲದು.
ಆ ಒಂದು ಸೆಂಟಿಗೆ ಪಾಳಿಪಾಳಿಯೂ ಜಗಳ.
ಪ್ರತಿ ಸಲ ಆರ್ವಿಡ್ಡೇ ಹಾಕಿದ,
ಮನೆಯ ಗಂಜಿ ಕುಡಿಯುವವನು, ಬೈಯುತ್ತಲೇ.
ಆಗಸ್ಟ್ ಮೂವತ್ತಕ್ಕೆ ಆ ಸಾಲು ನಿಲ್ಲುತ್ತದೆ.
ಕಾರಣ ಬರೆಯಲು ನಿಮ್ಮ ಫಾರ್ಮಿನಲ್ಲಿ ಜಾಗವಿಲ್ಲ.

ಹೇಳಿ ಹಾಕಿಸಿದ್ದು ಖರ್ಚು,
ತಾನಾಗಿ ಹಾಕಿದ್ದು ಖಾಸಗಿ. ಅಷ್ಟೇ ತಾನೆ ನಿಮ್ಮ ನಿಯಮ?
ಹಾಗಾದರೆ ಆ ಕೆಂಪು ಸುತ್ತು ಸರಿಯಾಗಿದೆ.
ಕ್ಯಾಪ್ಟನ್ ಆಜ್ಞೆ ಮಾಡಲಿಲ್ಲ,
ನಗರಸಭೆ ಕೇಳಲಿಲ್ಲ, ಡೆಲ್ಬರ್ಟ್‌ಗೆ ಗೊತ್ತೂ ಇರಲಿಲ್ಲ.
ಉಳಿದದ್ದನ್ನೆಲ್ಲ ಬಿಟ್ಟುಕೊಡಿ,
ಅದೊಂದು ಸಾಲು ನಮ್ಮ ಸ್ವಂತದ್ದು.
ಅದಕ್ಕೆ ತೆರಿಗೆ ಹಾಕಿ, ಮೇಡಂ.

ಪುಸ್ತಕ ಮಾತ್ರ ಸಂಜೆ ಐದರೊಳಗೆ ವಾಪಸ್ ಬೇಕು.
ಇವತ್ತು ಮೀನು. ಈರುಳ್ಳಿಯ ದುಡ್ಡು
ಯಾರು ಕೊಟ್ಟರೆಂದು ಆಗಲೇ ತಕರಾರು ಎದ್ದಿದೆ.